ಮಿನಾಕ್ಸಿಡಿಲ್ ಹಚ್ಚಿದರೆ ತಲೆ ತುರಿಸುತ್ತಾ? ಒಳಗಿನ ದ್ರವ ನೋಡಿ ಆರಿಸಿಕೊಳ್ಳಿ

“ಅಣ್ಣಾ, ಇದು ನಂಗೆ ಆಗಿ ಬರ್ತಿಲ್ಲ. ಮೂರನೇ ಕಂಪನಿದು ಇದು. ಬೇರೆ ಯಾವುದಾದ್ರೂ ಕೊಡಿ.”

ಔಷಧಿ ಅಂಗಡಿಯಲ್ಲಿ ಕೂತವರಿಗೆ ಇದು ಹಳೇ ಮಾತು. ಆ ಹುಡುಗ ಹೆಲ್ಮೆಟ್ ತೆಗೆದು ತಲೆ ಬಗ್ಗಿಸಿ ತೋರಿಸಿದ. ನೆತ್ತಿ ಕೆಂಪಾಗಿತ್ತು. ಹಣೆಯ ಅಂಚಿನಲ್ಲಿ ತೆಳ್ಳಗೆ ಸಿಪ್ಪೆ ಎದ್ದಿತ್ತು. ಕಿವಿಯ ಮೇಲೆ ಕೆರೆದ ಗೀರುಗಳಿದ್ದವು. ಅವನು ಚೀಲದಲ್ಲಿ ತಂದಿದ್ದ, ಬೋಳುತನಕ್ಕೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧದ ಮೂರು ಡಬ್ಬಿಗಳನ್ನು ಕೌಂಟರ್ ಮೇಲೆ ಸಾಲಾಗಿ ಇಟ್ಟು ಹಿಂಬದಿ ತಿರುಗಿಸಿದೆ. ಹೆಸರು ಬೇರೆ, ಬಣ್ಣ ಬೇರೆ, ರೇಟು ಬೇರೆ. ಆದರೆ ಚಿಕ್ಕ ಅಕ್ಷರ ಓದಿದರೆ ಎಲ್ಲದರಲ್ಲೂ ಅದದೇ: ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ಜಿಗುಟು ದ್ರವ, ನೀರು. ಆರು ತಿಂಗಳಲ್ಲಿ ಅವನು ಬದಲಿಸಿದ್ದು ಡಬ್ಬಿಯನ್ನು ಮಾತ್ರ. ತಲೆಗೆ ಬೀಳುತ್ತಿದ್ದ ದ್ರವ ಒಂದಿಷ್ಟೂ ಬದಲಾಗಿರಲಿಲ್ಲ.

ಹೀಗೆ ಸುಮ್ನೆ ಕಂಪನಿ ಬದಲಿಸುತ್ತಾ ದುಡ್ಡು ಕಳೆದು, ಕೊನೆಗೆ “ಮಿನಾಕ್ಸಿಡಿಲ್ ನನಗೆ ಆಗಲ್ಲ” ಎಂದು ಕೈಬಿಟ್ಟವರನ್ನು ತುಂಬಾ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಯಾಕೆಂದರೆ ಅನೇಕರ ತಲೆ ಕೆಡಿಸುವುದು ಔಷಧವಲ್ಲ, ಔಷಧವನ್ನು ಕರಗಿಸಿಟ್ಟಿರುವ ದ್ರವ. ಆ ದ್ರವವನ್ನು ಓದಿ, ಅಳೆದು, ನಿಮ್ಮ ತಲೆಗೆ ಒಗ್ಗುವುದನ್ನು ಹೇಗೆ ಆರಿಸಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಇದು ನಿಮಗೆ ಬೇಕಾದ ಔಷಧ ಹೌದಾ?

ಡೆಂಗ್ಯೂ ಬಂದು ಹೋದ ಮೇಲೆ, ಹೆರಿಗೆಯಾದ ಮೇಲೆ, ಥೈರಾಯ್ಡ್ ಏರುಪೇರಾದಾಗ, ಕಬ್ಬಿಣದಂಶ ಕಡಿಮೆಯಾದಾಗಲೂ ಕೂದಲು ಉದುರುತ್ತದೆ. ಅದಕ್ಕೆ ದಾರಿಯೇ ಬೇರೆ. ದುಂಡಗೆ ನಾಣ್ಯದ ಗಾತ್ರದಲ್ಲಿ ಉದುರಿದ್ದರೂ ಬೇರೆ. ಮಿನಾಕ್ಸಿಡಿಲ್ ಮುಖ್ಯವಾಗಿ ವಂಶದಿಂದ ಬರುವ ಬೋಳುತನಕ್ಕೆ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿಯೇ ಶುರುಮಾಡಿ. ಬಸುರಿಯರು, ಹಾಲೂಡಿಸುವ ತಾಯಂದಿರು ಹಚ್ಚುವುದು ಬೇಡ. 18 ವರ್ಷದೊಳಗಿನವರು ತಾವಾಗಿಯೇ ಕೊಂಡು ಹಚ್ಚಬಾರದು. ಹೃದಯದ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು.

ತಲೆಯಲ್ಲಿ ಮೊದಲೇ ಹೊಟ್ಟು, ಗಾಯ, ಕೆರೆದ ಗುರುತು ಇದ್ದರೆ ಅದನ್ನು ವಾಸಿ ಮಾಡಿಕೊಂಡೇ ಮುಂದುವರಿಯಿರಿ. ಹೊಟ್ಟಿಗೆ ಡಾಕ್ಟರು ಸಾಮಾನ್ಯವಾಗಿ 2% ಕೀಟೊಕೊನಜೋಲ್ ಶಾಂಪೂ ಬರೆಯುತ್ತಾರೆ. ಒಡೆದ ಚರ್ಮದ ಮೇಲೆ ಯಾವ ದ್ರವ ಹಾಕಿದರೂ ಉರಿಯುತ್ತದೆ. ಅಷ್ಟೇ ಅಲ್ಲ, ಔಷಧ ರಕ್ತಕ್ಕೆ ಜಾಸ್ತಿ ಇಳಿಯುತ್ತದೆ.

ಈ ದ್ರವ ಯಾಕೆ ಬೇಕೇ ಬೇಕು?

ಮಿನಾಕ್ಸಿಡಿಲ್ ಮೊದಲು ಬಂದದ್ದು ಬಿಪಿ ಮಾತ್ರೆಯಾಗಿ. ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯುವುದು ಕಂಡು, ತಲೆಗೆ ಹಚ್ಚುವ 2% ದ್ರಾವಣ ಮಾಡಿದರು. ಅದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. 5% ಬಂದದ್ದು ಆಮೇಲೆ.

ಪುಡಿಯಾಗಿದ್ದರೆ ಅದು ಬಿಳಿ ಹಿಟ್ಟು. ನೀರಿಗೆ ಹಾಕಿದರೆ ಕರಗುವುದೇ ಇಲ್ಲ ಅನ್ನಬಹುದು. 1 ಮಿಲಿ ನೀರು ಹಿಡಿಯುವುದು ಸುಮಾರು 2.2 ಮಿಲಿಗ್ರಾಂ. ಅಷ್ಟೇ ಎಥನಾಲ್, ಅಂದರೆ ನಾವು ಆಲ್ಕೋಹಾಲ್ ಅನ್ನುವುದು, ಸುಮಾರು 29 ಮಿಲಿಗ್ರಾಂ ಹಿಡಿಯುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಸುಮಾರು 75 ಹಿಡಿಯುತ್ತದೆ. 5% ದ್ರಾವಣ ಎಂದರೆ 1 ಮಿಲಿಯಲ್ಲಿ 50 ಮಿಲಿಗ್ರಾಂ ಔಷಧ. ಬರೀ ನೀರಲ್ಲಿ ಅಷ್ಟನ್ನು ಕರಗಿಸಲು 22 ಮಿಲಿಗಿಂತ ಜಾಸ್ತಿ ನೀರು ಬೇಕು. ಪ್ರತಿ ಸಲ ಅಷ್ಟನ್ನು ತಲೆಗೆ ಸುರಿದುಕೊಳ್ಳುವುದು ಆಗದ ಮಾತು, ಅಲ್ವಾ? ಅದಕ್ಕೇ ಗ್ಲೈಕಾಲ್ ಬಂತು.

ಹೆಚ್ಚು ಚಾಲ್ತಿಯಲ್ಲಿರುವ 5% ಸೂತ್ರದಲ್ಲಿ 30 ಭಾಗ ಆಲ್ಕೋಹಾಲ್, 50 ಭಾಗ ಪ್ರೊಪಿಲೀನ್ ಗ್ಲೈಕಾಲ್, ಉಳಿದದ್ದು ನೀರು. ಹಳೇ 2% ಸೂತ್ರದಲ್ಲಿ ಇದು ತಿರುಗಾಮುರುಗ: 60 ಭಾಗ ಆಲ್ಕೋಹಾಲ್, 20 ಭಾಗ ಗ್ಲೈಕಾಲ್. ಈ ಎರಡು ಸಾಲು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮನೆಯಲ್ಲೇ ಇದನ್ನು ಕಣ್ಣಾರೆ ನೋಡಬಹುದು. ನಿಮ್ಮ ಬಾಟಲಿಯಿಂದ ಒಂದೇ ಒಂದು ಹನಿ ತೆಗೆದು ಹಳೇ ಸ್ಟೀಲ್ ಮುಚ್ಚಳದ ಮೇಲೆ ಬಿಡಿ. ಫ್ಯಾನ್ ಕೆಳಗೆ ಇಡಿ. ಮೊದಲು ಸ್ಪಿರಿಟ್ ವಾಸನೆ ಬಂದು ಹನಿ ಕುಗ್ಗುತ್ತದೆ. ಆಲ್ಕೋಹಾಲ್ ಹಾರಿಹೋಯಿತು. ಆಮೇಲೆ ನೀರು ಹೋಗುತ್ತದೆ. ಕೊನೆಗೆ ಉಳಿಯುವುದು ಎಣ್ಣೆಯಂತೆ ಹೊಳೆಯುವ ಒಂದು ಅಂಟು ಬಿಲ್ಲೆ. ಬೆರಳಿಗೆ ಜಿಗುಟು. ಅದೇ ಗ್ಲೈಕಾಲ್. ಇನ್ನೂ ಬಿಟ್ಟರೆ ಅಂಚಿನಲ್ಲಿ ಬಿಳಿ ಹರಳು ಕಾಣಿಸುತ್ತದೆ. ಲೆಕ್ಕ ನೋಡಿ: 1 ಮಿಲಿಯಲ್ಲಿ ಉಳಿದ ಅರ್ಧ ಮಿಲಿ ಗ್ಲೈಕಾಲ್ ಹಿಡಿಯಬಲ್ಲದ್ದು ಸುಮಾರು 37 ಮಿಲಿಗ್ರಾಂ. ಔಷಧ ಇರುವುದು 50. ಮಿಕ್ಕಿದ್ದು ಹರಳಾಗಿ ಕೂರುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ, ಬಾಚಣಿಗೆಯಲ್ಲಿ ಕಾಣುವ ಬಿಳಿ ಪುಡಿ ಎಷ್ಟೋ ಸಲ ಹೊಟ್ಟಲ್ಲ, ಇದೇ ಹರಳು. ಎಷ್ಟು ಜನ ಇದನ್ನು ಹೊಟ್ಟೆಂದು ತಿಳಿದು ಹೆದರಿ ನಿಲ್ಲಿಸಿದ್ದಾರೋ!

ಎರಡನೇ ಹೆಜ್ಜೆ: ಬರೀ ಉರಿಯಾ, ಅಲರ್ಜಿಯಾ?

ಇಲ್ಲಿ ಅವಸರ ಮಾಡಬೇಡಿ. ಯಾವ ದ್ರವ ಬದಲಿಸಬೇಕು ಎಂಬುದು ಇದರ ಮೇಲೆ ನಿಂತಿದೆ.

ಹಚ್ಚಿದ ಕೂಡಲೇ ಚುರುಗುಟ್ಟಿ, ಸ್ವಲ್ಪ ಹೊತ್ತಿಗೆ ತಣ್ಣಗಾಗಿ, ದಿನ ಕಳೆದಂತೆ ಚರ್ಮ ಬಿಗಿದು ಒಣಗಿ ಸಿಪ್ಪೆ ಎದ್ದರೆ ಅದು ಸಾಮಾನ್ಯವಾಗಿ ಆಲ್ಕೋಹಾಲ್‌ನ ಕೆಲಸ. ಚರ್ಮದ ಮೇಲಿನ ಜಿಡ್ಡನ್ನು ಅದು ಎಳೆದುಕೊಂಡು ಹೋಗುತ್ತದೆ. ಇದು ಹಚ್ಚಿದ ಜಾಗಕ್ಕಷ್ಟೇ ಸೀಮಿತ. ನಾಲ್ಕು ದಿನ ಬಿಟ್ಟರೆ ತಾನೇ ಇಳಿಯುತ್ತದೆ.

ಅಲರ್ಜಿಯ ನಡೆ ಬೇರೆ. ಮೊದಲ ವಾರಗಳಲ್ಲಿ ಏನೂ ಆಗದೆ ಇರಬಹುದು. ಆಮೇಲೆ ಒಂದು ದಿನ ತುರಿಕೆ ಶುರುವಾಗುತ್ತದೆ. ಹಚ್ಚಿ ಒಂದೆರಡು ದಿನ ಬಿಟ್ಟು ಜಾಸ್ತಿಯಾಗುತ್ತದೆ. ಹಚ್ಚಿದ ಗಡಿ ದಾಟಿ ಹಣೆ, ಕಿವಿ, ಕುತ್ತಿಗೆ, ಕೆಲವೊಮ್ಮೆ ಕಣ್ಣಿನ ರೆಪ್ಪೆವರೆಗೂ ಇಳಿಯುತ್ತದೆ. ಸಣ್ಣ ನೀರುಗುಳ್ಳೆ ಏಳಬಹುದು. ನಿಲ್ಲಿಸಿ ಮತ್ತೆ ಹಚ್ಚಿದರೆ ಮೊದಲಿಗಿಂತ ಬೇಗ ಬರುತ್ತದೆ. ಇಲ್ಲಿ ಅನುಮಾನ ಪಡಬೇಕಾದ ಮೊದಲ ಹೆಸರು ಪ್ರೊಪಿಲೀನ್ ಗ್ಲೈಕಾಲ್. ಏನಾದರೂ ತಾಗಿ ಬರುವ ಚರ್ಮರೋಗಗಳನ್ನು ನೋಡುವ ಅಮೆರಿಕದ ತಜ್ಞರ ಸಂಘ 2018ರಲ್ಲಿ ಇದನ್ನೇ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು.

ಆದರೆ ಎಲ್ಲ ತಪ್ಪನ್ನೂ ಗ್ಲೈಕಾಲ್ ತಲೆಗೆ ಕಟ್ಟಬೇಡಿ. 2002ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಮಿನಾಕ್ಸಿಡಿಲ್ ದ್ರಾವಣದಿಂದ ತುರಿಕೆ ಬಂದ 11 ಜನರಿಗೆ ಪ್ಯಾಚ್ ಟೆಸ್ಟ್ ಮಾಡಿದರು. 9 ಜನರಿಗೆ ಪ್ರೊಪಿಲೀನ್ ಗ್ಲೈಕಾಲ್ ಆಗುತ್ತಿರಲಿಲ್ಲ. 4 ಜನರಿಗೆ ಮಿನಾಕ್ಸಿಡಿಲ್ಲೇ ಆಗುತ್ತಿರಲಿಲ್ಲ, ಅಂದರೆ ಕೆಲವರಿಗೆ ಎರಡೂ. ಔಷಧವೇ ಆಗದವರಿಗೆ ದ್ರವ ಬದಲಿಸಿ ಏನೂ ಉಪಯೋಗವಿಲ್ಲ. ಇದನ್ನು ಸರಿಯಾಗಿ ಬಿಡಿಸಿ ಹೇಳುವುದು ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್ ಮಾತ್ರ. ಗುಳ್ಳೆ ಎದ್ದಿದ್ದರೆ, ಮುಖಕ್ಕೆ ಇಳಿದಿದ್ದರೆ ನೇರ ಅಲ್ಲಿಗೇ ಹೋಗಿ.

ಒಂದು ಸುಳಿವು ಮನೆಯಲ್ಲೇ ಸಿಗುತ್ತದೆ. ನಿಮಗೆ ಹಿಂದೆ ಆಗಿ ಬಾರದ ಕ್ರೀಮ್, ಅಲೋವೆರಾ ಜೆಲ್, ಡಿಯೋಡರೆಂಟ್ ಇದ್ದರೆ ಅವುಗಳ ಲೇಬಲ್ ನೋಡಿ. ಪ್ರೊಪಿಲೀನ್ ಗ್ಲೈಕಾಲ್ ಇವುಗಳಲ್ಲೂ ಸಾಮಾನ್ಯ. ಎರಡು ಮೂರರಲ್ಲಿ ಅದೇ ಹೆಸರು ಕಂಡರೆ ಅನುಮಾನ ಗಟ್ಟಿಯಾಯಿತು.

ಮೂರನೇ ಹೆಜ್ಜೆ: ಲೇಬಲ್ ಓದುವುದು

ಡಬ್ಬಿಯ ಮುಂಭಾಗದಲ್ಲಿ ದಪ್ಪಗೆ ಬರೆದಿದ್ದನ್ನು ಬಿಡಿ, ಹಿಂದಿನದ್ದು ಓದಿ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಸಲೀಸು. ಇಲ್ಲಿ ಜನ ಎಡವುವ ಜಾಗಗಳಿವೆ.

‘ಆಲ್ಕೋಹಾಲ್ ರಹಿತ’ ಎಂದು ಬರೆದಿದ್ದರೆ ಮೃದು ಎಂದುಕೊಳ್ಳುತ್ತೇವೆ. ಆದರೆ ಆಲ್ಕೋಹಾಲ್ ತೆಗೆದರೆ ಔಷಧವನ್ನು ಇನ್ನೊಂದು ಹಿಡಿದುಕೊಳ್ಳಲೇಬೇಕು. ಎಷ್ಟೋ ಸಲ ಅದು ಇನ್ನಷ್ಟು ಗ್ಲೈಕಾಲ್ ಆಗಿರುತ್ತದೆ. ತಲೆ ಒಣಗುವವರಿಗೆ ಅದು ಸರಿ. ಗ್ಲೈಕಾಲ್ ಆಗದವರಿಗೆ ಅದು ಇನ್ನೂ ಕೆಟ್ಟದ್ದು.

‘ಸೆಟೈಲ್ ಆಲ್ಕೋಹಾಲ್’, ‘ಸ್ಟಿಯರೈಲ್ ಆಲ್ಕೋಹಾಲ್’ ಕಂಡು ಗಾಬರಿಯಾಗಬೇಡಿ. ಹೆಸರಷ್ಟೇ ಆಲ್ಕೋಹಾಲ್. ಅವು ಮೇಣದಂಥ ಜಿಡ್ಡು ಪದಾರ್ಥ, ಒಣಗಿಸುವುದಿಲ್ಲ.

‘1,2-ಪ್ರೊಪೇನ್‌ಡಯಾಲ್’ ಎಂದಿದ್ದರೆ ಎಚ್ಚರ. ಅದು ಪ್ರೊಪಿಲೀನ್ ಗ್ಲೈಕಾಲ್‌ನ ಇನ್ನೊಂದು ಹೆಸರು. ‘1,3-ಪ್ರೊಪೇನ್‌ಡಯಾಲ್’ ಅದರ ದಾಯಾದಿ, ಆದರೆ ಬೇರೆ ಪದಾರ್ಥ. ಒಂದು ಅಂಕಿಯಲ್ಲಿ ಎಲ್ಲ ಅಡಗಿದೆ.

‘10%’ ಎಂದರೆ ಎರಡರಷ್ಟು ಕೆಲಸ ಎಂದೇನಲ್ಲ. 1 ಮಿಲಿಯಲ್ಲಿ 100 ಮಿಲಿಗ್ರಾಂ ಔಷಧವನ್ನು ಮಾಮೂಲಿ ಉಷ್ಣಾಂಶದಲ್ಲಿ ಅಪ್ಪಟ ಗ್ಲೈಕಾಲ್ ಕೂಡ ಹಿಡಿಯಲಾರದು. ಬೇರೆ ಏನನ್ನೋ ಸೇರಿಸಿಯೇ ಅದನ್ನು ಕರಗಿಸಬೇಕು, ಇಲ್ಲವೇ ತೇಲಿಬಿಡಬೇಕು. ತಲೆ ನಾಜೂಕಾಗಿದ್ದವರು ಅದರಿಂದ ದೂರ ಇರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಾಲ್ಕನೇ ಹೆಜ್ಜೆ: ಯಾವುದಕ್ಕೆ ಯಾವುದು ಬದಲು

ಅನುಮಾನ ಗ್ಲೈಕಾಲ್ ಮೇಲಿದ್ದರೆ ಮೊದಲು ಕೇಳಬೇಕಾದದ್ದು ಫೋಮ್, ಅಂದರೆ ನೊರೆ. 5% ಫೋಮ್ ಅಮೆರಿಕದಲ್ಲಿ 2006ರಲ್ಲಿ ಬಂತು. ಪ್ರೊಪಿಲೀನ್ ಗ್ಲೈಕಾಲ್ ಇಲ್ಲದೆ ಮಾಡಿದ್ದೇ ಅದರ ವಿಶೇಷ. ಅದರ ಬದಲು ಎಥನಾಲ್, ಸ್ವಲ್ಪ ಗ್ಲಿಸರಿನ್, ನಾನು ಮೇಲೆ ಹೇಳಿದ ಮೇಣದಂಥ ಆಲ್ಕೋಹಾಲ್‌ಗಳು ಇರುತ್ತವೆ. ಬೇಗ ಒಣಗುತ್ತದೆ, ಜಿಗುಟಿಲ್ಲ. ಗ್ಲೈಕಾಲ್ ಗಾಳಿಯ ತೇವ ಹೀರುವ ಪದಾರ್ಥ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ದ್ರಾವಣ ಹಚ್ಚಿದರೆ ಮಧ್ಯಾಹ್ನದವರೆಗೂ ತಲೆ ಅಂಟಂಟು. ಅಂಥವರಿಗೆ ಅಲರ್ಜಿ ಇಲ್ಲದಿದ್ದರೂ ಫೋಮ್ ಹಿತ. ಆದರೆ ನಮ್ಮ ಬೇಸಿಗೆಯಲ್ಲಿ ಅದಕ್ಕೊಂದು ಕಷ್ಟವಿದೆ: ಬೆಚ್ಚಗಿನ ಬೆರಳ ಮೇಲೆ ಬಿದ್ದ ಕೂಡಲೇ ಕರಗಿ ನೀರಾಗುತ್ತದೆ. ಮೊದಲು ಕೈಯನ್ನು ತಣ್ಣೀರಲ್ಲಿ ತೊಳೆದು ಒರೆಸಿಕೊಳ್ಳಿ, ಆಮೇಲೆ ಒತ್ತಿ. ಎಲ್ಲ ಫೋಮ್ ಒಂದೇ ಥರ ಇರುವುದಿಲ್ಲ, ಹಾಗಾಗಿ ಲೇಬಲ್ ನೋಡಿಯೇ ಕೊಳ್ಳಿ.

ಅನುಮಾನ ಆಲ್ಕೋಹಾಲ್ ಮೇಲಿದ್ದರೆ ಫೋಮ್ ಪರಿಹಾರವಲ್ಲ. ಅದರಲ್ಲೂ ಎಥನಾಲ್ ಧಾರಾಳವಾಗಿದೆ. ಆಲ್ಕೋಹಾಲ್ ಕಡಿಮೆ ಇರುವ, ಗ್ಲೈಕಾಲ್ ಅಥವಾ ಗ್ಲಿಸರಿನ್ ಆಧಾರದ ದ್ರಾವಣ ನೋಡಿ. 2%ಕ್ಕೆ ಇಳಿದರೆ ಮೃದು ಎಂದು ಹಲವರು ಹಾಗೆ ಮಾಡುತ್ತಾರೆ. ಹಳೇ ಸೂತ್ರದ 2%ರಲ್ಲಿ ಆಲ್ಕೋಹಾಲ್ ಎರಡರಷ್ಟು ಎಂಬುದು ನೆನಪಿದೆ ತಾನೇ? ಒಣಗುವ ತಲೆಗೆ ಅದು ಉಲ್ಟಾ ಹೊಡೆಯುತ್ತದೆ.

ಎರಡೂ ಆಗುವುದಿಲ್ಲ ಎಂದಾದಾಗ ಡಾಕ್ಟರು ಬ್ಯುಟಿಲೀನ್ ಗ್ಲೈಕಾಲ್, 1,3-ಪ್ರೊಪೇನ್‌ಡಯಾಲ್, ಗ್ಲಿಸರಿನ್ ಇಂಥವುಗಳ ಆಧಾರದಲ್ಲಿ ಮಾಡಿದ್ದನ್ನು ಬರೆದುಕೊಡಬಹುದು. ಇವು ಚರ್ಮಕ್ಕೆ ಸಾಮಾನ್ಯವಾಗಿ ಸೌಮ್ಯ. ಆದರೆ ಗ್ಲಿಸರಿನ್ ಮಂದ, ಜಾಸ್ತಿ ಹಾಕಿದರೆ ಕೂದಲು ಕೂದಲಿಗೆ ಅಂಟುತ್ತದೆ. ಬ್ಯುಟಿಲೀನ್ ಗ್ಲೈಕಾಲ್ ಕೂಡ ಅಪರೂಪಕ್ಕೆ ಕೆಲವರಿಗೆ ಆಗುವುದಿಲ್ಲ. ಹಚ್ಚುವುದು ಯಾವುದೂ ಒಗ್ಗದಿದ್ದರೆ ಕಡಿಮೆ ಪ್ರಮಾಣದ ಮಾತ್ರೆಯ ದಾರಿ ಇದೆ. ಬಿಪಿ, ಹೃದಯ ನೋಡಿ ಅದನ್ನು ತೀರ್ಮಾನಿಸುವುದು ಡಾಕ್ಟರ ಕೆಲಸ. ಮಿನಾಕ್ಸಿಡಿಲ್‌ಗೇ ಅಲರ್ಜಿ ಇದ್ದವರಿಗೆ ಆ ದಾರಿಯೂ ಬೇಡ.

ಐದನೇ ಹೆಜ್ಜೆ: ತಲೆಗೆ ಮೊದಲು ಕೈಗೆ

ಹೊಸ ಬಾಟಲಿ ತಂದ ದಿನವೇ ತಲೆಗೆ ಹಾಕಬೇಡಿ. ಮೊಣಕೈ ಒಳಭಾಗದ ಮೆತ್ತನೆ ಚರ್ಮದ ಮೇಲೆ ದೊಡ್ಡ ನಾಣ್ಯದಷ್ಟು ಜಾಗಕ್ಕೆ ಒಂದು ಹನಿ ಸವರಿ. ಬೆಳಿಗ್ಗೆ, ರಾತ್ರಿ, ಏಳು ದಿನ, ಅದೇ ಜಾಗಕ್ಕೆ. ಒಂದೇ ದಿನ ಹಚ್ಚಿ “ಏನೂ ಆಗಲಿಲ್ಲ” ಎನ್ನುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಅಲರ್ಜಿ ನಿಧಾನಕ್ಕೆ ಬರುತ್ತದೆ. ಕೆಂಪಾಗಿ, ದಪ್ಪಗಾಗಿ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಈ ಏಳು ದಿನ ಬೇರೆ ಯಾವ ಹೊಸ ಎಣ್ಣೆ, ಶಾಂಪೂ, ಸೀರಮ್ ಶುರುಮಾಡಬೇಡಿ. ಎರಡು ಒಟ್ಟಿಗೆ ಬದಲಿಸಿದರೆ ತಪ್ಪು ಯಾರದ್ದೆಂದು ಗೊತ್ತಾಗುವುದಿಲ್ಲ.

ದಯವಿಟ್ಟು ಮನೆಯಲ್ಲಿ ಕಲಸಬೇಡಿ

ಇದನ್ನು ಕೈಮುಗಿದು ಕೇಳುತ್ತೇನೆ. ಆನ್‌ಲೈನ್‌ನಲ್ಲಿ ಪುಡಿ ತರಿಸಿ, ಇನ್ನೆಲ್ಲಿಂದಲೋ ಸ್ಪಿರಿಟ್ ತಂದು, ವಿಡಿಯೋ ನೋಡಿ ಕಲಸುವವರಿದ್ದಾರೆ. ಕೊಬ್ಬರಿ ಎಣ್ಣೆಗೆ ಮಾತ್ರೆ ಪುಡಿಮಾಡಿ ಹಾಕುವವರೂ ಇದ್ದಾರೆ. ಎಣ್ಣೆಯಲ್ಲಿ ಇದು ಸರಿಯಾಗಿ ಕರಗುವುದಿಲ್ಲ. ತಳದಲ್ಲಿ ಮರಳಿನಂತೆ ಕೂರುತ್ತದೆ. ಒಂದು ಸಲ ಬರೀ ಎಣ್ಣೆ, ಇನ್ನೊಂದು ಸಲ ಅಳತೆ ತಪ್ಪಿದ ಔಷಧ ತಲೆಗೆ ಬೀಳುತ್ತದೆ. ಇದು ರಕ್ತನಾಳ ಹಿಗ್ಗಿಸುವ ಬಿಪಿ ಔಷಧ ಎಂಬುದನ್ನು ಮರೆಯಬಾರದು.

ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಜರ್ ಕೂಡ ಬೇಡ. ಹಲವು ಸ್ಯಾನಿಟೈಜರ್‌ಗಳಲ್ಲಿರುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಿಡಿಯುವುದು 1 ಮಿಲಿಗೆ 7 ಮಿಲಿಗ್ರಾಂಗಿಂತ ಕಡಿಮೆ. ಒಣಗಿಸುವುದು ಮಾತ್ರ ಜೋರು. ಕೈಗಾರಿಕೆ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು. ಮೆಥನಾಲ್‌ನಲ್ಲಿ ಮಿನಾಕ್ಸಿಡಿಲ್ ಎಥನಾಲ್‌ಗಿಂತ ಚೆನ್ನಾಗಿ ಕರಗುತ್ತದೆ. ಅಪಾಯ ಇರುವುದೇ ಅಲ್ಲಿ. ತಿಳಿಯಾಗಿ, ಚೆಂದವಾಗಿ ಕಾಣುತ್ತದೆ, ಒಳಗಿರುವುದು ಕಣ್ಣು ಕಳೆಯುವ ವಿಷ. ಅದು ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಕೈಗಾರಿಕೆಗೆ ಮಾರುವ ಗ್ಲೈಕಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ಬೆರಕೆ ಇರಬಹುದು. 2022ರಲ್ಲಿ ಗ್ಯಾಂಬಿಯಾದಲ್ಲಿ ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ ಕೆಮ್ಮಿನ ಸಿರಪ್‌ಗಳಲ್ಲಿ ಸಿಕ್ಕಿದ್ದು ಈ ಬೆರಕೆಯೇ. ಔಷಧಕ್ಕೆ ಬಳಸುವ ದರ್ಜೆಗೆ ಲೇಬಲ್‌ನಲ್ಲಿ ‘ಐಪಿ’ ಎಂದು ಬರೆದಿರುತ್ತದೆ, ಅಂದರೆ ಭಾರತೀಯ ಔಷಧಕೋಶದ ಗುಣಮಟ್ಟ. ಔಷಧ ಕರಗಿಸಲು ಡಿಎಂಎಸ್‌ಒ ಎಂಬ ದ್ರವವನ್ನೂ ಕೆಲವರು ಹೊಗಳುತ್ತಾರೆ. ಅದು ಚರ್ಮ ದಾಟಿ ಹೋಗುವಾಗ ಮೇಲಿದ್ದ ಕೊಳೆಯನ್ನೂ ಜೊತೆಗೆ ಒಯ್ಯುತ್ತದೆ. ಇಷ್ಟಾಗಿಯೂ ಅದರಲ್ಲಿ ಮಿನಾಕ್ಸಿಡಿಲ್ ಕರಗುವುದು ಎಥನಾಲ್‌ಗಿಂತ ಎಷ್ಟೋ ಕಡಿಮೆ.

ಹಚ್ಚುವ ಹೊತ್ತಿಗೆ

ತಲೆ ಒಣಗಿರಬೇಕು, ಎಣ್ಣೆ ಇರಬಾರದು. ಎಣ್ಣೆ ಹಚ್ಚುವ ರೂಢಿ ಬಿಡಬೇಕಿಲ್ಲ. ತಲೆ ಸ್ನಾನದ ದಿನ, ಸ್ನಾನಕ್ಕೆ ಮುಂಚೆ ಹಚ್ಚಿಕೊಳ್ಳಿ. ದ್ರಾವಣವಾದರೆ ಒಂದು ಸಲಕ್ಕೆ 1 ಮಿಲಿ, ಅಷ್ಟೇ. ಕೂದಲಿಗೆ ಅಲ್ಲ, ಬೈತಲೆ ತೆಗೆದು ಚರ್ಮಕ್ಕೆ. ನಾಲ್ಕು ಗಂಟೆ ತೊಳೆಯಬೇಡಿ. ಆರುವ ಮೊದಲೇ ಹೆಲ್ಮೆಟ್ ಹಾಕಿದರೆ ಬೆವರಿನ ಜೊತೆ ಹಣೆಗೆ ಇಳಿದು ಅಲ್ಲೂ ಉರಿ, ಅಲ್ಲೂ ಕೂದಲು.

ದ್ರಾವಣವಾಗಲಿ ಫೋಮಾಗಲಿ, ಎಥನಾಲ್ ಇದ್ದರೆ ಬೆಂಕಿ ಹತ್ತುತ್ತದೆ. ಬೆಳಿಗ್ಗೆ ಹಚ್ಚಿಕೊಂಡು ಹಾಗೇ ದೇವರ ದೀಪ ಹಚ್ಚಲು, ಒಲೆ ಮುಂದೆ ನಿಲ್ಲಲು ಹೋಗಬೇಡಿ. ಪೂರ್ತಿ ಒಣಗಲಿ. ಫೋಮ್ ಕ್ಯಾನನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಹಚ್ಚಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಎಳೆ ಮಗು ನಿಮ್ಮ ತಲೆ ಹಿಡಿದು ಆಡುತ್ತಿದ್ದರೆ ಇನ್ನೂ ಎಚ್ಚರ. ಅಪ್ಪ ಹಚ್ಚಿದ ಔಷಧ ತಾಗಿ ಕೂಸಿನ ಮೈಮೇಲೆ ಕೂದಲು ಬೆಳೆದ ಪ್ರಕರಣಗಳ ಬಗ್ಗೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಸಿದೆ. ಬೆಕ್ಕು ಸಾಕಿದ್ದರೆ ದಿಂಬಿನ ಬಟ್ಟೆಯನ್ನೂ ನೆಕ್ಕಲು ಬಿಡಬೇಡಿ. ಬೆಕ್ಕಿಗೆ ಮಿನಾಕ್ಸಿಡಿಲ್ ಸ್ವಲ್ಪವೇ ಸಾಕು, ಪ್ರಾಣಕ್ಕೆ ಬರುತ್ತದೆ.

ಎದೆ ಡವಡವ, ಎದೆನೋವು, ತಲೆಸುತ್ತು, ಕಾಲು ಅಥವಾ ಮುಖ ಊತ ಕಂಡರೆ ಅಂದೇ ನಿಲ್ಲಿಸಿ ಡಾಕ್ಟರ ಬಳಿ ಓಡಿ. ಇದು ದ್ರವದ ತಕರಾರಲ್ಲ, ಔಷಧ ರಕ್ತಕ್ಕೆ ಇಳಿದ ಗುರುತು. ಮೊದಲ ಒಂದೆರಡು ತಿಂಗಳು ಕೂದಲು ಇನ್ನೂ ಜಾಸ್ತಿ ಉದುರಿದರೆ ಮಾತ್ರ ಹೆದರಬೇಡಿ. ಹಳೇ ಕೂದಲು ಜಾಗ ಬಿಡುತ್ತಿದೆ ಅಷ್ಟೇ.

ಆ ಹುಡುಗನಿಗೆ ಅಂದು ನಾನು ನಾಲ್ಕನೇ ಡಬ್ಬಿ ಕೊಡಲಿಲ್ಲ. ಎಲ್ಲ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸು ಎಂದೆ. ಪ್ಯಾಚ್ ಟೆಸ್ಟ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಸಿಕ್ಕಿಬಿತ್ತು, ಮಿನಾಕ್ಸಿಡಿಲ್ ಪಾರಾಯಿತು. ಚರ್ಮ ವಾಸಿಯಾದ ಮೇಲೆ ಫೋಮ್ ಚೀಟಿ ಹಿಡಿದು ಬಂದ. ಡಬ್ಬಿ ಕೈಗೆ ಕೊಟ್ಟ ಕೂಡಲೇ ಹಿಂಬದಿ ತಿರುಗಿಸಿ, ಫೋನಿನಲ್ಲಿ ಫೋಟೋ ತೆಗೆದು, ಒಂದೊಂದೇ ಹೆಸರು ಓದಿಕೊಂಡ. ಆಮೇಲೆ ತೋಳು ಮಡಚಿ ಕೇಳಿದ: “ಏಳು ದಿನ ಇಲ್ಲಿ ಹಚ್ಚಿ ನೋಡ್ಬೇಕು, ಅಲ್ವಾ ಅಣ್ಣಾ?”